ಗೆರೆಯ ಆಚೆ ಉಳಿದ ಗ್ರಿಗೊರೆ

ಯಾಶ್ ಪಟ್ಟಣ, ಮೇ 1918

ಅಪ್ಪಾ, ನಿಮ್ಮ ಕೈಗೆ ಮುತ್ತಿಟ್ಟು ಬರೆಯುತ್ತಿದ್ದೇನೆ.

ನಮ್ಮ ರುಮೇನಿಯಾ ಶತ್ರುಗಳ ಷರತ್ತಿಗೆ ತಲೆಬಾಗಿ ಸಂಧಿಗೆ ಸಹಿ ಹಾಕಿದೆ. ಗಡಿಯ ನಕ್ಷೆಯನ್ನು ಸಚಿವಾಲಯಕ್ಕಾಗಿ ಶುದ್ಧಪ್ರತಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಊರು ನಮಗೇ ಉಳಿದಿದೆ. ಮೇಲಿನ ಬೆಟ್ಟಸಾಲೆಲ್ಲ ಅವರದಾಯಿತು; ಗ್ರಿಗೊರೆಯನ್ನು ಮಣ್ಣು ಮಾಡಿದ ಇಳಿಜಾರೂ ಹೋಯಿತು.

ಮಾತುಕತೆಗೆ ಹೋಗಿಬಂದ ನಮ್ಮ ಮೇಲಧಿಕಾರಿಯನ್ನು ಕೇಳಿದೆ: "ಸ್ವಾಮಿ, ಈ ಗೆರೆನ ಒಂದು ಕೂದಲೆಳೆಯಷ್ಟು ಸರಿಸೋಕಾಗಲ್ವಾ? ನನ್ನ ತಮ್ಮ ಅಲ್ಲಿದಾನೆ."

"ಇಡೀ ಬೆಟ್ಟಾನೇ ಕೇಳ್ದೆ ಕಣಯ್ಯ," ಅಂದರು. "'ನಿಮ್ಮ ರಷ್ಯಾದವರನ್ನ ಕರ್ಕೊಂಡು ಬನ್ನಿ, ಆಮೇಲೆ ಮಾತಾಡೋಣ' ಅಂತ ನಕ್ಕುಬಿಟ್ರು."

ಜೊತೆಗೆ ಹೋರಾಡಲು ಬಂದಿದ್ದ ಆ ರಷ್ಯನ್ನರು, ತಮ್ಮ ದೇಶದಲ್ಲಿ ಕ್ರಾಂತಿಯಾಯಿತೆಂದು ಬಂದೂಕು ಬಿಸುಟು ಮನೆಗೆ ಹೊರಟ ದಿನವೇ ಅಲ್ಲವೇ ಗ್ರಿಗೊರೆ ಸತ್ತದ್ದು? ಪಕ್ಕದ ಕಂದಕ ಬರಿದಾಗಿದ್ದರೂ ಅವನು ಜಾಗ ಬಿಟ್ಟು ಕದಲಲಿಲ್ಲ.

ಆ ಗೆರೆಯನ್ನು ನಾನು ಎಳೆದೆ, ಅಪ್ಪಾ. ಕೂದಲೆಳೆಯಷ್ಟೂ ಸರಿಸದೆ ಎಳೆದೆ.

ಗಡಿಕಾವಲಿನವರು ಬರುವ ಮುಂಚೆ ಗಾಡಿ ಕಟ್ಟಿಕೊಂಡು ಹೋಗಿ ಅವನನ್ನು ಕೆಳಗೆ ತನ್ನಿ. ಏಳು ವರ್ಷ ತುಂಬದೆ ಮೂಳೆ ಎತ್ತಬಾರದೆಂದು ಪಾದ್ರಿಗಳು ತಡೆದರೆ, ಆ ಪಾಪ ನನ್ನ ತಲೆಗಿರಲಿ ಎನ್ನಿ. ಅವ್ವನನ್ನು ಕರೆದೊಯ್ಯಬೇಡಿ. ಒಂದೇ ಗುಂಡಿಯಲ್ಲಿ ನಾಲ್ವರಿದ್ದಾರೆ. ಗ್ರಿಗೊರೆಯ ಕಾಲಲ್ಲಿ ನಾನು ಕಳಿಸಿದ್ದ ಹಳೆಯ ಬೂಟುಗಳಿರುತ್ತವೆ. ಅವುಗಳ ಹಿಮ್ಮಡಿಗೆ ಲಾಳ ಹೊಡೆದವರು ನೀವೇ, ನಿಮಗೆ ಗುರುತು ಸಿಗುತ್ತದೆ.

ನಿಮ್ಮ ಮಗ,
ಕೊಸ್ಟಾಕೆ