ಉಳಿಸಿಕೊಟ್ಟ ಹತ್ತು ಸೆಕೆಂಡು

೧೦ ಮಾರ್ಚ್ ೧೯೪೧, ಸೋಮವಾರ. ಹಾಲಿವುಡ್.

ಇವತ್ತು ಎರಡು ಸಲ ಹಾಡಿದೆ. ಎರಡು ಸಲವೂ ನನ್ನ ಹೆಸರು ಬರಲಿಲ್ಲ.

ರಂಗದ ಮೇಲೆ ಮೂರು ವರ್ಷ ನಾನೇ ಮಾಡಿದ ಪಾತ್ರ. ನಾಟಕ ರೇಡಿಯೋಗೆ ಬಂದದ್ದೇ ತಡ, ಅದು ಸಿನಿಮಾ ತಾರೆ ಕೊರಿನ್ ಪಾಲಾಯಿತು. ಅವಳಿಗೆ ಸ್ವರವೇ ನಿಲ್ಲುವುದಿಲ್ಲ. ಹಾಗಾಗಿ ಮಾತು ಅವಳದು. ಹಾಡು ಬಂದಾಗ ಪಕ್ಕದ ಮೈಕಿನಲ್ಲಿ ನಾನು. ಕೊನೆಯಲ್ಲಿ ನಿನ್ನ ಹೆಸರು ಓದಿಸುತ್ತೇನೆ ಎಂದು ನಿರ್ದೇಶಕ ಲೋವೆಲ್ ಮಾತು ಕೊಟ್ಟಿದ್ದ. ನನ್ನ ಮದುವೆಗೆ ಸಾಕ್ಷಿಯಾಗಿ ನಿಂತವನು!

ಆರು ಗಂಟೆಗೆ ಪೂರ್ವದ ಊರುಗಳಿಗಾಗಿ ಆಡಿದೆವು; ಅಲ್ಲಿ ಆಗಲೇ ರಾತ್ರಿ ಒಂಬತ್ತು. ಹೆಸರಿಲ್ಲ.

"ಟೈಮ್ ಆಗೋಯ್ತು ವರ್ನಾ. ಸೋಪಿನ ಜಾಹೀರಾತು ಬಿಡೋಕಾಗುತ್ತಾ? ಒಂಬತ್ತರ ಆಟದಲ್ಲಿ ಓದಿಸ್ತೀನಿ, ನನ್ನಾಣೆ," ಎಂದ ಲೋವೆಲ್.

ಪೆದ್ದಿ ನಾನು, ನಂಬಿದೆ. ಪಶ್ಚಿಮದವರಿಗಾಗಿ ಅದೇ ನಾಟಕವನ್ನು ಮತ್ತೆ ಆಡುವಾಗ, ಸಮಯ ಉಳಿಯಲೆಂದು ಕೊನೆಯ ಹಾಡನ್ನು ಓಡಿಸಿದೆ. ಉಸಿರೆಳೆಯುವ ಜಾಗದಲ್ಲೂ ನಿಲ್ಲಲಿಲ್ಲ. ಪಿಟೀಲಿನವರು ಗಾಬರಿಯಾಗಿ ನನ್ನ ಹಿಂದೆಯೇ ಓಡಿ ಬಂದರು. ಹತ್ತು ಸೆಕೆಂಡು ಉಳಿಯಿತು. ಅಷ್ಟೂ ಹೊತ್ತು ಸ್ಟುಡಿಯೋದಲ್ಲಿ ಕೂತಿದ್ದ ಪ್ರೇಕ್ಷಕರಿಂದ ಕೊರಿನ್‌ಗೆ ಚಪ್ಪಾಳೆ ಹೊಡೆಸಿದರು.

"ಒಳ್ಳೆ ಕೆಲಸ ಮಾಡ್ದೆ ಕಣೇ," ಎಂದು ಲೋವೆಲ್ ಬೆನ್ನು ತಟ್ಟಿದ.

ಆಮೇಲೆ, ಉದ್ಘೋಷಕ ಹೆಸರುಗಳನ್ನು ಓದಿ ಬಿಟ್ಟುಹೋದ ಕೊನೆಯ ಹಾಳೆಯನ್ನು ಎತ್ತಿ ನೋಡಿದೆ. ಶನಿವಾರವೇ ಟೈಪಾದದ್ದು. ಬಾಗಿಲು ಬಡಿಯುವ ಸದ್ದು ಮಾಡುವವನ ಹೆಸರೂ ಅದರಲ್ಲಿದೆ. ನನ್ನದನ್ನು ಹೊಡೆದುಹಾಕಿಲ್ಲ. ಟೈಪ್ ಮಾಡಿಸಿಯೇ ಇಲ್ಲ.

ಹೆಸರು ಹಾಳಾಗಿ ಹೋಗಲಿ. ಆ ಹಾಡನ್ನಾದರೂ ಉಸಿರು ತೆಗೆದುಕೊಂಡು ಹಾಡಬೇಕಿತ್ತು.