ಕತ್ತಲಿಗೆ ಯಾರ ಜೊತೆ ಹೋಗಬೇಕು

ಜೋರಾಪುರ ಪೇಟೆ, ವಿಜಯಪುರ
೧೫ ಡಿಸೆಂಬರ್ ೨೦೨೪

ಸಂಗನಬಸವ ಅವರಿಗೆ ನೇತ್ರಾ ಬರೆಯುವುದು.

ಕ್ಷೇಮ ಕೇಳುವುದು ಪದ್ಧತಿ. ನಾನು ಕೇಳುವುದಿಲ್ಲ. ನೀವು ಹೇಗಿದ್ದೀರಿ ಎನ್ನುವುದನ್ನು ನಿಮ್ಮ ದೊಡ್ಡಪ್ಪ ಶಂಕರೆಪ್ಪನವರು ಮೊನ್ನೆ ನಮ್ಮ ಮನೆಗೆ ಬಂದು ಬಿಡಿಸಿ ಹೇಳಿ ಹೋಗಿದ್ದಾರೆ. ನನ್ನ ಅತ್ತೆ, ನಿಮ್ಮ ಅವ್ವ, ನಿಮ್ಮೊಡನೆ ಮಾತು ಬಿಟ್ಟಿದ್ದಾರಂತೆ. ನೀವು ಊಟಕ್ಕೆ ಕೂತರೆ ನಿಮ್ಮ ತಂಗಿ ನಿರ್ಮಲಾ ತಾಟು ಸರಿಸಿ ಎದ್ದು ಹೋಗುತ್ತಾಳಂತೆ. ಕೇಳಿ ನನಗೆ ಸಂತೋಷವಾಯಿತು. ಸುಳ್ಳು ಯಾಕೆ, ಅವತ್ತು ಒಂದು ರೊಟ್ಟಿ ಹೆಚ್ಚಿಗೆ ತಿಂದೆ.

ಹೊರಡುವ ಮುಂಚೆ ದೊಡ್ಡಪ್ಪನವರು ನೀವು ಹೇಳಿ ಕಳಿಸಿದ್ದನ್ನು ಹೇಳಿದರು. "ತಂಗೀ, ಆಗಿದ್ದು ಆಗಿ ಹೋತು. ಅಂವಾ ಹೊಳ್ಳಿ ಬಂದು ನಿನ್ನ ಹುಡುಕ್ಯಾನ ಅಂತ ಅವರವ್ವನ ಮುಂದ ಒಂದ ಮಾತು ಹೇಳಿಬಿಡವಾ. ಮನಿ ಉಳೀತೈತಿ."

"ಚಾ ಕುಡೀರಿ ದೊಡ್ಡಪ್ಪಾರ, ಉತ್ತರ ನಾನ ಬರದು ಕಳಸ್ತೇನಿ" ಎಂದೆ. ಅದಕ್ಕೇ ಈ ಕಾಗದ. ಆದರೆ ಮೊದಲು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀವು ಅದನ್ನು ಊರ ತುಂಬ ಬೇರೆ ಥರ ಹೇಳಿಕೊಂಡು ಬಂದಿದ್ದೀರಿ.

ನನಗೆ ಚಿಕ್ಕಿಗಳ ಹುಚ್ಚು ಹಿಡಿದದ್ದು ಗೋಳಗುಮ್ಮಟದ ಹತ್ತಿರದ ನಿಮ್ಮ ಮನೆಯ ಮಾಳಿಗೆಯ ಮೇಲೆ. ಒಂದು ಸಂಜೆ ಒಣಗಿದ ಬಟ್ಟೆ ತೆಗೆಯಲು ಹೋದಾಗ ಇಡೀ ಓಣಿಯ ಕರೆಂಟು ಹೋಯಿತು. ತಲೆ ಎತ್ತಿದರೆ ಆಕಾಶ ನಕ್ಷತ್ರಗಳಿಂದ ಕಿಕ್ಕಿರಿದಿತ್ತು. ಕರೆಂಟು ಬಂದ ಕೂಡಲೇ ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ ಎಲ್ಲಾ ಹೋದವು. ಇವು ದಿನಾ ಅಲ್ಲೇ ಇರುತ್ತವೆ, ನಮಗೆ ಮಾತ್ರ ಕಾಣುವುದಿಲ್ಲ ಎನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನನ್ನ ಅಣ್ಣ ಒಂದು ದುರ್ಬೀನು ಕೊಡಿಸಿದ. ನೀವು ನಕ್ಕಿರಿ. ನಕ್ಕರೂ ಮೊದಮೊದಲು ಬೈಕಿನ ಮೇಲೆ ಕರೆದುಕೊಂಡು ಹೋದಿರಿ, ಅದನ್ನು ಅಲ್ಲಗಳೆಯುವುದಿಲ್ಲ.

ಕತ್ತಲು ಸಿಗುವುದು ಕಷ್ಟವಲ್ಲ, ಹೆಂಗಸು ನಿಂತು ತಲೆ ಎತ್ತಬಹುದಾದ ಕತ್ತಲು ಸಿಗುವುದು ಕಷ್ಟ. ಟಿಕೋಟಾ ಕಡೆ ಹೋದೆವು. ಅಲ್ಲಿ ಒಣದ್ರಾಕ್ಷಿ ಶೆಡ್ಡುಗಳ ಲೈಟು, ಲಾರಿಗಳ ಲೈಟು. ಇನ್ನೊಂದು ಸಲ ಕಲ್ಲಿನ ಖಣಿಯ ಹತ್ತಿರ ಒಳ್ಳೆಯ ಕತ್ತಲು ಸಿಕ್ಕಿತು. ಆದರೆ ಕಾಲಿಗೆ ಒಡೆದ ಬಾಟಲಿಗಳು ಸಿಕ್ಕವು, ಆಚೆ ಬಂಡೆಯ ಹಿಂದೆ ಬೀಡಿಯ ಕಿಡಿಗಳು ಕಂಡವು. ನಾನು ಹೋಗೋಣ ಎಂದೆ. "ನಾ ಅದೀನಲ್ಲ, ಏನಾಕ್ಕೈತಿ?" ಎಂದಿರಿ. ಆ ಮಾತನ್ನು ನಾನು ಆಗ ನಂಬಿದ್ದೆ. ಜಾಗವನ್ನು ಮೊದಲು ಹಗಲಿನಲ್ಲಿ ನೋಡಬೇಕು, ಹೊಲದವರನ್ನು ಕೇಳಬೇಕು, ಬಾವಿ ಎಲ್ಲಿದೆ ತಿಳಿದುಕೊಳ್ಳಬೇಕು, ಕಣ್ಣು ಕುಕ್ಕದ ಹಾಗೆ ಬ್ಯಾಟರಿಗೆ ಕೆಂಪು ಕಾಗದ ಸುತ್ತಬೇಕು ಎಂದೆಲ್ಲ ಒಂದೊಂದಾಗಿ ಕಲಿತೆ. ನಿಮ್ಮನ್ನೂ ಮೊದಲು ಹಗಲಿನಲ್ಲಿ ನೋಡಬೇಕಿತ್ತು ಎನ್ನುವುದು ಮಾತ್ರ ಹೊಳೆದಿರಲಿಲ್ಲ.

ಹೋದ ಎಳ್ಳಮಾವಾಸ್ಯೆಗೆ ಬಬಲೇಶ್ವರದ ಆಚೆ ನಿಮ್ಮ ಗೆಳೆಯರ ಹೊಲಕ್ಕೆ ಹೋಗಿದ್ದೆವು. ಬೆಳೆಗೆ ಎಡೆಯ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಉಂಡು ಹೊತ್ತು ಮುಳುಗುವ ಹೊತ್ತಿಗೆ ಎಲ್ಲರೂ ಟ್ರ್ಯಾಕ್ಟರು ಏರಿದರು. ಅಮಾವಾಸ್ಯೆ, ಮೋಡವಿಲ್ಲ, ಸ್ವಲ್ಪ ಹೊತ್ತು ನಿಲ್ಲೋಣ ಎಂದು ನಾನೇ ಕೇಳಿದೆ. ಮಧ್ಯಾಹ್ನವೇ ಬದುವಿನ ಪಕ್ಕದ ಬಾವಿ ನೋಡಿ ಇಟ್ಟುಕೊಂಡಿದ್ದೆ. ಕಟ್ಟೆಯಿಲ್ಲದ ಬಾವಿ, ಅಂಚಿಗೆ ಎದೆಯುದ್ದ ಹುಲ್ಲು.

ಕತ್ತಲಾಯಿತು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಹೊತ್ತು ಬೇಕು, ಒಂದು ಸಲ ಬೆಳಕು ಬಡಿದರೆ ಮತ್ತೆ ಮೊದಲಿಂದ ಕಾಯಬೇಕು. ನೀವು ನನ್ನ ಪಕ್ಕದಲ್ಲೇ ನಿಂತು ಗೆಳೆಯನೊಡನೆ ವಿಡಿಯೋ ಕಾಲಿನಲ್ಲಿದ್ದಿರಿ. ಫೋನು ಆರಿಸಿ ಎಂದೆ. ಮತ್ತೊಮ್ಮೆ ಎಂದೆ. ಗೆಳೆಯನಿಗೆ ಕೇಳಿಸಿತು, ಅವನು ನಕ್ಕ. ನಿಮಗೆ ಚುಚ್ಚಿದ್ದು ಆ ನಗು.

"ನನಗ ಫೋನ ಆರಸಂತ ಹೇಳಾಕ ನೀ ಯಾರ? ಕತ್ತಲ ಬೇಕಾಗೈತೇನ ನಿನಗ? ತಗೋ, ಹೊಟ್ಟಿ ತುಂಬ ನೋಡು."

ಇಷ್ಟು ಹೇಳಿ ಬೈಕು ಚಾಲೂ ಮಾಡಿ ಹೋದಿರಿ. ನನ್ನ ಫೋನು, ಬ್ಯಾಟರಿ ಎರಡೂ ಹ್ಯಾಂಡಲ್ಲಿಗೆ ತೂಗುಹಾಕಿದ ಚೀಲದಲ್ಲಿದ್ದವು. ಆ ಚೀಲ ನಿಮ್ಮ ಮೊಣಕಾಲಿಗೆ ಬಡಿಯುತ್ತಿತ್ತು. ಕಾಣಲಿಲ್ಲ ಎಂದು ಯಾರಿಗಾದರೂ ಹೇಳಿ, ನನಗೆ ಹೇಳಬೇಡಿ.

ಹಿಂದಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವ ತನಕ ತಮಾಷೆ ಎಂದುಕೊಂಡಿದ್ದೆ. ನಿಮ್ಮ ಬೈಕಿನ ಬೆಳಕು ಕಣ್ಣಿಗೆ ಹೊಡೆದು ಎದುರಿನದೇನೂ ಕಾಣುತ್ತಿರಲಿಲ್ಲ. ಬಾವಿ ಎಡಕ್ಕೋ ಬಲಕ್ಕೋ ತಿಳಿಯದೆ ಕೂತೆ. ಕೂತು, ಕೈ ಊರಿ, ಮುಂದಿನ ನೆಲ ತಟ್ಟಿ ನೋಡುತ್ತಾ ತೆವಳಿದೆ. ಹಬ್ಬಕ್ಕೆ ಉಟ್ಟ ಇಳಕಲ್ ಸೀರೆಯಲ್ಲಿ, ನಿಮ್ಮ ಮನೆಯ ಸೊಸೆ, ಕೂಸಿನ ಹಾಗೆ ತೆವಳಿದೆ. ಜೋಳದ ಬೆಳೆಯ ಆಚೆ ಒಂದು ಬೆಳಕು ಕಂಡಿತು. ಅದರ ಕಡೆ ತೆವಳುತ್ತಿರುವಾಗಲೇ ನಾಯಿ ಬೊಗಳಿತು, ಅದರ ಹಿಂದೆಯೇ ಹೆಂಗಸಿನ ದನಿ.

"ಏಯ್, ಯಾರದು? ಅಲ್ಲೇ ನಿಂದರ್ರಿ! ಬಲಕ್ಕ ಬಾವಿ ಐತಿ!"

ನನ್ನ ಬಲಗೈಗೆ ಅಷ್ಟರಲ್ಲೇ ಹುಲ್ಲು ತಾಗಿತ್ತು.

ಆಕೆ ರಾಜಬಿ. ಆ ಹೊಲದಲ್ಲೇ ಮನೆ ಮಾಡಿಕೊಂಡಿರುವ ಅಬ್ದುಲಸಮದ ಅವರ ಹೆಂಡತಿ. ಬಂದು ನನ್ನನ್ನು ಎಬ್ಬಿಸಿ ಮುಖಕ್ಕೆ ಬೆಳಕು ಹಿಡಿದು, "ಯವ್ವಾ, ಹೆಣ್ಮಗಳು! ಒಬ್ಬಾಕಿ ಹ್ಯಾಂಗ ಬಂದಿ ಬೇ ಇಲ್ಲಿ?" ಎಂದಳು. ಗಂಡ ಬಿಟ್ಟು ಹೋದ ಎಂದೆ. ಆಕೆ ನನ್ನನ್ನು ಮನೆಗೆ ಕರೆದುಕೊಂಡು ಹೋದಳು. ತರಚಿದ ಮೊಣಕೈಗೆ ಅರಿಷಿಣ ಹಚ್ಚಿದಳು, ಬಿಸಿ ಹಾಲು ಕೊಟ್ಟಳು. ಅಬ್ದುಲಸಮದ ಅವರ ಫೋನಿನಿಂದ ಅಣ್ಣನಿಗೆ ಹೇಳಿದೆ. ಅವನು ಬರುವ ತನಕ ಅವರ ಮನೆಯಲ್ಲಿದ್ದೆ, ಬಂದ ಮೇಲೆ ಅವನ ಜೊತೆ ಜೋರಾಪುರ ಪೇಟೆಗೆ ಬಂದೆ. ಎಳ್ಳಮಾವಾಸ್ಯೆಯ ಕಥೆ ಇಷ್ಟು.

ನಿಮ್ಮ ಕಥೆ ಸಿದ್ಧೇಶ್ವರ ಗುಡಿಯ ಹತ್ತಿರದ ದೊಡ್ಡಪ್ಪನವರ ಮನೆಯಲ್ಲಿ ಹಿರಿಯರು ಕೂತಾಗ ಹೊರಗೆ ಬಂತು. "ಪೆಟ್ರೋಲ್ ಹಾಕ್ಸಾಕ ಹೋಗಿದ್ದೆ. ಹೊಳ್ಳಿ ಬಂದ್ರ ಆಕಿ ಇರಲಿಲ್ಲ. ಮೊದಲ ಯಾರಿಗೋ ಬಾ ಅಂದಿದ್ಳು ಕಾಣ್ತೈತಿ, ಅವನ ಕೂಡ ಹೋಗ್ಯಾಳ" ಎಂದಿರಿ. ಅಷ್ಟು ಜನರ ಮುಂದೆ, ನನ್ನ ಅಣ್ಣನ ಮುಂದೆ. ಬಿಟ್ಟು ಹೋದದ್ದನ್ನು ಒಂದು ದಿನ ನಾನು ಮರೆಯುತ್ತಿದ್ದೆನೋ ಏನೋ. ಈ ಮಾತನ್ನು ಮರೆಯುವುದಿಲ್ಲ ಎಂದು ಅಲ್ಲಿ ಕೂತಲ್ಲೇ ತೀರ್ಮಾನ ಮಾಡಿದೆ.

ರಾಜಬಿ ಅಕ್ಕ ಬಸ್ಸು ಹತ್ತಿ ಬಂದಿದ್ದಳು. ದೊಡ್ಡಪ್ಪನವರು ಆಕೆಯನ್ನು ಕೇಳಿದರು: "ಇಂವಾ ಹೊಳ್ಳಿ ಬಂದಿದ್ನೇನ್ ಬೇ?" ಆಕೆ ಒಂದು ಸಲ ನನ್ನ ಕಡೆ ನೋಡಿ, "ಯಾರೂ ಬರಲಿಲ್ಲರೀ ಯಪ್ಪಾ" ಎಂದಳು. ನನ್ನನ್ನು ಕೇಳಿದರು. ನಾನೂ ಅದನ್ನೇ ಹೇಳಿದೆ. ನೀವು ಸಿದ್ಧೇಶ್ವರನ ಆಣೆ ಇಟ್ಟಿರಿ. "ದೇವರನ್ನ ಯಾಕ ನಡುವ ತರ್ತೀ ಲೇ?" ಎಂದು ಅತ್ತೆ ಎದ್ದು ಒಳಗೆ ಹೋದರು. ಹಿರಿಯರು ಮಾತ್ರ ಗಂಡ ಹೆಂಡತಿ ಜಗಳ, ತಾನೇ ತಣ್ಣಗಾಗುತ್ತದೆ ಎಂದು ಕೈ ತೊಳೆದುಕೊಂಡರು. ನಾನು ತಣ್ಣಗಾಗಲಿಲ್ಲ.

ನಾನು ಇನ್ನು ಮಾಳಿಗೆಯನ್ನೂ ಹತ್ತುವುದಿಲ್ಲ ಎಂದು ನೀವು ತಿಳಿದಿದ್ದಿರಿ. ನಾನು ಅದೇ ಹೊಲಕ್ಕೆ ಹೋದೆ. ಹಗಲಿನಲ್ಲಿ ಅಣ್ಣನ ಜೊತೆ ಹೋಗಿ ಆ ಬಾವಿಯ ಮುಂದೆ ನಿಂತು, ಕೆಳಗೆ ಎಷ್ಟು ಆಳದಲ್ಲಿ ನೀರಿದೆ ಎಂದು ನೋಡಿ ಬಂದೆ. ರಾಜಬಿ ಅಕ್ಕನನ್ನು ಕೇಳಿದೆ: "ನಿಮ್ಮ ಮಾಳಿಗಿ ಮ್ಯಾಲ ಕುಂದರಲೇನ್ರಿ?" ಆಕೆ ಮೆಟ್ಟಿಲು ಗುಡಿಸಿ ಕೊಟ್ಟಳು. ನಾನು ಹುಡುಕುತ್ತಿದ್ದ ಜಾಗ ಅದೇ. ಸುತ್ತ ಎದೆಮಟ್ಟದ ಗೋಡೆ ಇದೆ, ಕೆಳಗೆ ಮನೆಯವರಿದ್ದಾರೆ, ಫೋನಿಗೆ ಸಿಗ್ನಲ್ ಸಿಗುತ್ತದೆ, ರಸ್ತೆಯ ಲೈಟು ಜೋಳದ ಬೆಳೆ ದಾಟಿ ಬರುವುದಿಲ್ಲ. ಅಲ್ಲಿ ಮೊದಲ ಸಲ ಕೃತ್ತಿಕೆಯನ್ನು ದುರ್ಬೀನಿನಲ್ಲಿ ನೋಡಿದೆ. ಬರಿಗಣ್ಣಿಗೆ ಐದಾರು ಚುಕ್ಕೆ, ದುರ್ಬೀನಿನಲ್ಲಿ ಹಿಡಿ ಸಕ್ಕರೆ ಚೆಲ್ಲಿದ ಹಾಗೆ. ಅಷ್ಟು ಚೆಂದದ್ದನ್ನು ನೋಡುವಾಗಲೂ ನನಗೆ ನಿಮ್ಮ ಮುಖವೇ ನೆನಪಾಯಿತು. ಅದನ್ನೂ ನಿಮ್ಮ ತಪ್ಪಿನ ಲೆಕ್ಕಕ್ಕೇ ಬರೆದುಕೊಂಡೆ.

ಈಗ ಪ್ರತಿ ಅಮಾವಾಸ್ಯೆಗೆ ವಿಜಯಪುರದಿಂದ ಹೆಂಗಸರನ್ನು ಕರೆದುಕೊಂಡು ಹೋಗುತ್ತೇನೆ. ಟೀಚರುಗಳು, ನರ್ಸುಗಳು, ಕಾಲೇಜಿನ ಹುಡುಗಿಯರು ಒಂದು ಟಂಟಂ ಆಟೋ ತುಂಬ ಬರುತ್ತಾರೆ. ಅಬ್ದುಲಸಮದ ಅಣ್ಣ ಡಾಂಬರು ರಸ್ತೆಯ ತನಕ ಬಂದು ಮುಂದೆ ದಾರಿ ತೋರಿಸುತ್ತಾರೆ. ಯಾರೂ ದುರ್ಬೀನು ಮುಟ್ಟುವ ಮುಂಚೆ ನಾನು ಒಂದು ಪಾಠ ಹೇಳುತ್ತೇನೆ. ಹೊಸಬರು ಹಾವು, ನಾಯಿ, ಕುಡುಕರಿಗೆ ಅಂಜುತ್ತಾರೆ, ಅಂಜಬೇಕಾದದ್ದೇ. ಆದರೆ ಮೊದಲು ಗಾಡಿಯ ಕೀಲಿ ಯಾರ ಕೈಯಲ್ಲಿದೆ ನೋಡಿಕೊಳ್ಳಿ ಎನ್ನುತ್ತೇನೆ. ಯಾಕೆ ಎಂದು ಯಾರಾದರೂ ಕೇಳುತ್ತಾರೆ. ಆಗ ಮಾಳಿಗೆಯಿಂದಲೇ ಕೈ ಮಾಡಿ ಆ ಬಾವಿ ತೋರಿಸಿ, ಎಲ್ಲಾ ಹೇಳುತ್ತೇನೆ. ಹೆಸರು ಹೇಳುವುದಿಲ್ಲ. ಗೋಳಗುಮ್ಮಟದ ಹತ್ತಿರ ಮೊಬೈಲ್ ಅಂಗಡಿ ಇದೆ ಎಂದಷ್ಟೇ ಹೇಳುತ್ತೇನೆ. ನಿಮ್ಮ ಅಂಗಡಿಗೆ ಹೆಣ್ಣುಮಕ್ಕಳು ಬರುವುದು ಯಾಕೆ ನಿಂತಿದೆ ಎಂದು ತಲೆ ಕೆರೆದುಕೊಳ್ಳುತ್ತಿದ್ದರೆ, ಕಾರಣ ಇದು.

ಕಳೆದ ಅಮಾವಾಸ್ಯೆಗೆ ಕಾಲೇಜಿನ ಗೆಳತಿಯರ ಜೊತೆ ನಿರ್ಮಲಾ ಬಂದಿದ್ದಳು. ಟಂಟಂನಿಂದ ಇಳಿದವಳು ನನ್ನನ್ನು ನೋಡಿ, "ವೈನೀ, ನೀವ..." ಎಂದು ಅಲ್ಲೇ ನಿಂತಳು. ಆಕೆಯನ್ನು ವಾಪಸು ಕಳಿಸಬಹುದಿತ್ತು. ಆವತ್ತೊಂದು ದಿನ ಪಾಠ ಬಿಡಬಹುದಿತ್ತು. ಬಿಡಲಿಲ್ಲ. ಒಂದು ಮಾತೂ ತಗ್ಗಿಸದೆ ಹೇಳಿದೆ, ತೆವಳಿದ್ದನ್ನು ಸ್ವಲ್ಪ ಉದ್ದವಾಗಿಯೇ ಹೇಳಿದೆ. ನೀವು ಮನೆಯಲ್ಲಿ ಹೇಳಿದ ಪೆಟ್ರೋಲಿನ ಕಥೆ ಆಕೆಗೆ ಗೊತ್ತಿತ್ತು, ಬಾವಿ ಗೊತ್ತಿರಲಿಲ್ಲ. ಕತ್ತಲಲ್ಲಿ ಆಕೆಯ ಮುಖ ಕಾಣಲಿಲ್ಲ. ಮೂಗು ಎಳೆದುಕೊಳ್ಳುವುದು ಕೇಳಿತು. ಆಕೆ ಮನೆಗೆ ಹೋಗಿ ಅತ್ತೆಗೆ ಹೇಳುತ್ತಾಳೆ ಎಂದು ಗೊತ್ತಿದ್ದೇ ಹೇಳಿದೆ. ಹುಡುಗಿಯನ್ನು ಅಳಿಸಿದ್ದಕ್ಕೆ ಸಂಕಟವಿದೆ. ಉಳಿದದ್ದಕ್ಕೆ ಇಲ್ಲ.

ಇನ್ನು ನಿಮ್ಮ ಕೋರಿಕೆ. ನಾನು ಅತ್ತೆಯ ಮುಂದೆ ಬಂದು ಯಾವ ಮಾತನ್ನೂ ಹೇಳುವುದಿಲ್ಲ. ನಿಮ್ಮ ಮನೆಗೂ ಬರುವುದಿಲ್ಲ, ವಕೀಲರ ಕಾಗದ ಬೇರೆ ಬರುತ್ತದೆ. ಈ ತಿಂಗಳ ಕೊನೆಗೆ ಮತ್ತೆ ಎಳ್ಳಮಾವಾಸ್ಯೆ. ಈ ಸಲ ಎರಡು ಟಂಟಂ ಹೇಳಿದ್ದೇನೆ.

ಇಂತಿ,
ಬಲಕ್ಕೆ ಬಾವಿ ಇದೆ ಎಂದು ನಿಮ್ಮಿಂದಲ್ಲದೆ ಬೇರೆಯವರಿಂದ ತಿಳಿದವಳು,
ನೇತ್ರಾ

ತಾ.ಕ.: ನೀವು ಹೊಳ್ಳಿ ಬಂದಿದ್ದಿರಿ. ನಾನು ಹಾಲು ಕುಡಿಯುತ್ತಿದ್ದಾಗ ಬೈಕು ಬಂತು. ಬದುವಿನ ಮೇಲೆ ಓಡಾಡುತ್ತಾ ನನ್ನ ಹೆಸರು ಹಿಡಿದು ಕೂಗಿದಿರಿ. ಬಾವಿಯ ಕಡೆ ಹೋದ ಮೇಲೆ ನಿಮ್ಮ ದನಿ ಒಡೆಯಿತು. ಒಳಕ್ಕೆ ಬಗ್ಗಿ ಕೂಗಿದ್ದು, ಅತ್ತಿದ್ದು ಎಲ್ಲಾ ಕೇಳಿಸಿತು. ರಾಜಬಿ ಅಕ್ಕ ಓಗೊಡಲು ಬಾಯಿ ತೆರೆದಿದ್ದಳು, ನಾನೇ ಬೇಡವೆಂದೆ. ದೀಪ ಆರಿಸಿದ್ದು ನಾನು. ಅಬ್ದುಲಸಮದ ಅಣ್ಣ ನಾಯಿಯ ಬಾಯಿ ಒತ್ತಿ ಹಿಡಿದು ಕೂತಿದ್ದರು. ನೀವು ಕೂಗಿ ಕೂಗಿ ಹೋಗುವ ತನಕ ನಾವು ಮೂವರೂ ಕತ್ತಲಲ್ಲಿ ಕೂತಿದ್ದೆವು. ನೀವು ನಿಜ ಹೇಳಿದ್ದು ಅದೊಂದೇ, ಅದಕ್ಕೆ ಸಾಕ್ಷಿ ಈ ಕಾಗದವೊಂದೇ. ಅತ್ತೆಗೆ ತೋರಿಸಿ. ಅವರಿಗೆ ಕನ್ನಡಕವಿಲ್ಲದೆ ಅಕ್ಷರ ಕಾಣುವುದಿಲ್ಲ, ನೀವೇ ಗಟ್ಟಿಯಾಗಿ ಓದಿ ಹೇಳಬೇಕು. ನಿರ್ಮಲಾ ಪಕ್ಕದಲ್ಲಿರಲಿ, ನಡುವೆ ಏನಾದರೂ ಬಿಟ್ಟರೆ ಆಕೆ ಹಿಡಿಯುತ್ತಾಳೆ.