ತಾತ, ಯಜಮಾನಿಕೆ ಬಿಡಿ

ಕೊಳ್ಳೇಗಾಲ
೨೩ ಮಾರ್ಚ್ ೨೦೦೩, ಭಾನುವಾರ

ಶಾಗ್ಯದ ನಮ್ಮ ತಾತನಿಗೆ ಮೊಮ್ಮಗಳು ದೀಪ ಕಾಲು ಮುಟ್ಟಿ ಬರೆಯುವುದು.

ಜ್ವರ ಬಿಟ್ಟಿದೆ. ಹಾಸ್ಟೆಲ್ ಊಟ ಪರವಾಗಿಲ್ಲ. ನಿದ್ದೆ ಮಾತ್ರ ಸರಿಯಾಗಿ ಬರುತ್ತಿಲ್ಲ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿದ್ದು ಇಂಗ್ಲಿಷಿನಲ್ಲೇ ಓದಿದವಳು, ಕನ್ನಡ ಅಲ್ಲಲ್ಲಿ ಕುಂಟಿದರೆ ನಗಬೇಡಿ.

ಹೋದ ಸಲ ಬಸ್ ಹತ್ತಿಸುವಾಗ ಕೇಳಿದಿರಿ: "ಯುಗಾದಿಗೆ ಬೀದಿ ಯಜಮಾನ್ಕೆ ಬುಟ್ಬುಡವಾ ಅಂತಿವ್ನಿ. ನೀನ್ ಓದ್ದೋಳು, ಏನಂತಿಯವ್ವಾ?" ಇಡೀ ಬೀದಿ ನಿಮ್ಮನ್ನು ಕೇಳುತ್ತದೆ, ನೀವು ನನ್ನನ್ನು ಕೇಳಿದಿರಿ! ಆ ಖುಷಿಗೆ ಹನೂರು ದಾಟುವ ತನಕ ಅಳುತ್ತಲೇ ಬಂದೆ. ಆದರೆ ನಿಮಗೆ ಹೇಳಿದ್ದು "ಬಿಡಬೇಡಿ ತಾತ" ಎಂದು. ಕಾರಣ ಹೇಳಿರಲಿಲ್ಲ.

ಮೊನ್ನೆ ಶುಕ್ರವಾರ ಕಾಲೇಜಿನಲ್ಲಿ ಡಿಬೇಟ್ ಇತ್ತು. ಇರಾಕಿನ ಮೇಲೆ ಬಾಂಬು ಬೀಳುತ್ತಿರುವುದನ್ನು ಟೀವಿಯಲ್ಲಿ ಕೇಳಿರುತ್ತೀರಿ. ಅದರದೇ ಟಾಪಿಕ್: ಜಗತ್ತಿನ ದೊಡ್ಡಣ್ಣನ ಪಟ್ಟವನ್ನು ಅಮೆರಿಕ ಬಿಡಬೇಕೆ? ಚೀಟಿ ಎತ್ತಿದಾಗ ನನಗೆ ಬಂದದ್ದು "ಬಿಡಬೇಕು".

ಎದುರು ಪಕ್ಷದಲ್ಲಿ ನಮ್ಮ ಕ್ಲಾಸಿನ ಮಣಿಕಂಠ, ಯಳಂದೂರಿನವನು. "ಏನಮ್ಮಾ ಇಂಗ್ಲಿಷ್ ಮೇಡಮ್ಮು, ದೊಡ್ಡಣ್ಣ ಎದ್ದೋದ್ರೆ ಚಿಕ್ಕಪುಟ್ಟ ದೇಶಗಳು ಸುಮ್ನಿದ್ದವಾ? ನಾಳಿಕೇ ಕಿತ್ತಾಡ್ಕಂಡ್ ಸಾಯ್ತವೆ. ಇಲ್ಲಾಂದ್ರೆ ಇನ್ನೊಬ್ಬ ಬಂದು ಆ ಕುರ್ಚಿಲಿ ಕೂತ್ಕತನೆ. ಅವ್ನೇನ್ ಇವ್ನಿಗಿಂತ ಒಳ್ಳೆವ್ನಾ?" ಅಂದ. ಎಲ್ಲರೂ ಚಪ್ಪಾಳೆ ಹೊಡೆದರು. ಅವನು ಹೇಳಿದ್ದು ನನ್ನದೇ ಭಯ.

ಹೋದ ವರ್ಷ ಮಾದಸ್ವಾಮಿ ಚಿಕ್ಕಪ್ಪ, "ಪೀಯೂಸಿ ಆಯ್ತಲ್ಲ, ಎಣ್ಮಕ್ಳಿಗೆ ಇನ್ಯಾಕ್ ಕಾಲೇಜು? ಮನೆಲಿರ್ಲಿ" ಎಂದರು. ಅಪ್ಪನೂ ಹೌದೆಂದು ತಲೆ ಆಡಿಸಿದರು. ನೀವು "ಓದ್ಲಿ ಬುಡ್ಲಾ, ಕೊಳ್ಳೇಗಾಲ ಏನ್ ಲಂಕೆಯಾ?" ಅಂದು ವೀಳ್ಯದೆಲೆ ಮಡಚಿ ಬಾಯಿಗಿಟ್ಟಿರಿ. ನೀವು ಎಲೆ ಬಾಯಿಗಿಟ್ಟರೆ ನ್ಯಾಯ ಮುಗಿಯಿತು, ಆಮೇಲೆ ನಮ್ಮ ಬೀದಿಯಲ್ಲಿ ಯಾರೂ ಮಾತಾಡುವುದಿಲ್ಲ. ಆ ಒಂದು ಮಾತಿನಿಂದ ನಾನು ಇಲ್ಲಿದ್ದೇನೆ. ಲೈಬ್ರರಿಯಲ್ಲಿ ಕಿಟಕಿ ಪಕ್ಕ ಕೂತಾಗಲೆಲ್ಲ ನಿಮ್ಮನ್ನು ನೆನೆಯುತ್ತೇನೆ. ಈ ಋಣ ನನ್ನಿಂದ ತೀರುವುದಲ್ಲ.

ಆದರೆ ತಾತ, ಅವತ್ತು ಚಿಕ್ಕಪ್ಪ ಒಪ್ಪಲಿಲ್ಲ, ಸುಮ್ಮನಾದರು. ಅಪ್ಪನೂ ಅಷ್ಟೇ. ಏನು ಓದುತ್ತಿದ್ದೀಯ ಎಂದು ಇವತ್ತಿನವರೆಗೂ ಇಬ್ಬರೂ ಕೇಳಿಲ್ಲ. ನೀವು ಯಜಮಾನಿಕೆ ಬಿಟ್ಟ ಮರುದಿನ ಅವರು ಬಾಯಿ ತೆರೆಯುತ್ತಾರೆ, ನನ್ನ ಕಾಲೇಜು ನಿಲ್ಲುತ್ತದೆ ಎಂದು ಹೆದರಿ "ಬಿಡಬೇಡಿ" ಎಂದಿದ್ದೆ. ಅದು ನನ್ನ ಸ್ವಾರ್ಥ.

ಸ್ಟೇಜಿನ ಮೇಲೆ ಉರು ಹೊಡೆದಿದ್ದ ಪಾಯಿಂಟೆಲ್ಲ ಮರೆತುಹೋಯಿತು. ತೋಚಿದ್ದನ್ನೇ ಹೇಳಿದೆ. ದೊಡ್ಡಣ್ಣ ಒಳ್ಳೆಯವನೇ ಇರಲಿ, ಅವನ ಮಾತೇ ಕೊನೆ ಎಂದಾದರೆ ಉಳಿದವರು ಒಪ್ಪುವುದನ್ನೂ ಕಲಿಯರು, ಒಪ್ಪಿಸುವುದನ್ನೂ ಕಲಿಯರು, ಹಲ್ಲು ಕಚ್ಚಿ ಕಾಯುತ್ತಾರೆ. ಅವನು ಎದ್ದರೆ ಜಗಳ ಆಗುತ್ತದೆ, ನಿಜ. ಆ ಜಗಳ ಈಗಲೂ ಇದೆ, ಸದ್ದಿಲ್ಲ ಅಷ್ಟೇ ಅಂದೆ. "ಬುಡ್ಸೋರ್ ಯಾರು?" ಎಂದು ಮಣಿಕಂಠ ಕೂಗಿದ. "ಜಗಳ ಆಡಿದವರೇ ಕೂತು ಬಿಡಿಸಿಕೊಳ್ಳಲಿ. ದೊಡ್ಡಣ್ಣನೂ ಬರಲಿ, ಕುರ್ಚಿ ಬಿಟ್ಟು ಎಲ್ಲರ ಜೊತೆ ಚಾಪೆ ಮೇಲೆ ಕೂರಲಿ" ಅಂದೆ.

ಪ್ರೈಜ್ ಅವನಿಗೇ ಬಂತು. ಆದರೂ ಹೊರಗೆ ಬಂದು, "ಚಾಪೆ ಮಾತು ಚೆನ್ನಾಗಿತ್ತು ಕಣಮ್ಮಾ" ಅಂದ.

ಅದಕ್ಕೇ ಈಗ ಹೇಳುತ್ತೇನೆ: ಬಿಡಿ ತಾತ. ಇಷ್ಟು ವರ್ಷ ಎಲ್ಲರ ಜಗಳ ಹೊತ್ತು ನಿಮಗೂ ಸಾಕಾಗಿದೆ. ಯುಗಾದಿಗೆ ಬರುತ್ತೇನೆ. ಚಿಕ್ಕಪ್ಪ ನನ್ನ ಓದಿನ ಮಾತು ಎತ್ತಿದರೆ ದಯವಿಟ್ಟು ಎಲೆ ಮಡಚಬೇಡಿ. ಅವರು ಹೇಳುವುದನ್ನೆಲ್ಲ ಹೇಳಲಿ. ಆಮೇಲೆ ನಾನು ಹೇಳುತ್ತೇನೆ. ಸೋಲಬಹುದು. ಆದರೆ ನಾಲ್ಕು ಜನರ ಮುಂದೆ ನಿಂತು ಮಾತಾಡುವುದನ್ನು ಕಲಿತದ್ದು ನೀವು ಕೊಡಿಸಿದ ಈ ವರ್ಷದಲ್ಲೇ.

ನಿಮ್ಮ ಮಾತಿನ ನೆರಳಲ್ಲಿ ಓದಿದ,
ದೀಪ

ಮರೆತದ್ದು: ಅಮ್ಮಾ, ತಾತನ ಕಣ್ಣಿಗೆ ಅಕ್ಷರ ಕಾಣುವುದಿಲ್ಲ, ಇದನ್ನು ಓದಿ ಹೇಳುತ್ತಿರುವವಳು ನೀನೇ. ಚಿಕ್ಕಪ್ಪನ ಸಾಲುಗಳನ್ನು ಹಾರಿಸಬೇಡ. ಮನೆಯಲ್ಲಿ ಯಾರು ಏನಂದರು ಎಂದು ಇಷ್ಟುದ್ದ ಬರೆದ ಮೇಲೆ ಗೊತ್ತಾಯಿತು, ನಾನು ಓದಬೇಕೋ ಬೇಡವೋ ಎಂದು ನಿನ್ನನ್ನು ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ. ಬಂದ ತಕ್ಷಣ ಮೊದಲು ನಿನ್ನನ್ನೇ ಕೇಳುತ್ತೇನೆ. ಬೇಡ ಅನ್ನಿಸಿದ್ದರೂ ಸರಿ, ಹೇಳು.